ಹಬ್ಬದ ದಿನ ಡ್ಯೂಟಿ, ತವರಿನ ಕರೆ ಮತ್ತು ಅಂಗಡಿ ಹೋಳಿಗೆ

ಆಷಾಢ ಮುಗಿಯುತ್ತಾ ಬಂತು ಅಂದರೆ ನನಗೆ ಬರುವ ಪತ್ರಗಳ ವರಸೆಯೇ ಬದಲಾಗುತ್ತದೆ. ಅಲ್ಲಿಯವರೆಗೆ ಮಕ್ಕಳ ಮಾರ್ಕ್ಸು, ಸೈಟಿನ ತಕರಾರು, ಕೂಡಿಬರದ ಮದುವೆ. ಶ್ರಾವಣ ಹತ್ತಿರವಾಯಿತೋ, ಬರೀ ಹಬ್ಬದ ಸುದ್ದಿ. ಪಂಚಮಿ, ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾ, ದೀಪಾವಳಿ ಒಂದರ ಹಿಂದೆ ಒಂದು ಬರುತ್ತವೆ. ರಜೆ ಮಾತ್ರ ಹಾಗೆ ಬರುವುದಿಲ್ಲ. ಈ ಸಲ ಅಂಥ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಸೈಟಿನ ತಕರಾರಿನವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು, ಬೇಜಾರು ಬೇಡ.

ಮೇಡಂ, ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಲೀಡ್. ಕ್ಲೈಂಟ್ ಅಮೆರಿಕದವರು. ಗುರುವಾರ ರಾತ್ರಿ ಹನ್ನೊಂದರವರೆಗೂ ಕಾಲ್ ಇರುತ್ತದೆ. ಶುಕ್ರವಾರ ವರಮಹಾಲಕ್ಷ್ಮಿ. ಬೆಳಗ್ಗೆ ಆರಕ್ಕೆ ಕಲಶ ಇಟ್ಟಾಗಬೇಕು, ಒಂಬತ್ತು ಬಗೆ ನೈವೇದ್ಯ ಆಗಬೇಕು, ಸಂಜೆ ಇಪ್ಪತ್ತೈದು ಜನ ಅರಿಶಿನ ಕುಂಕುಮಕ್ಕೆ ಬರಬೇಕು ಅನ್ನುತ್ತಾರೆ ಅತ್ತೆ. ಕಳೆದ ವರ್ಷ ಹೆಂಗಸರೆಲ್ಲ ಕೂತಿರುವಾಗಲೇ ನಾನು ಲ್ಯಾಪ್‌ಟಾಪ್ ತೆಗೆಯಬೇಕಾಯಿತು. ಆಮೇಲೆ ಎರಡು ದಿನ ಅತ್ತೆ ಮಾತಾಡಲಿಲ್ಲ. ಈ ಸಲ ಹಬ್ಬವೇ ಬೇಡ ಅನ್ನಿಸಿದೆ. ನಾನು ಕೆಟ್ಟ ಸೊಸೆಯಾ?
— ಹೆಸರು ಬೇಡ, ಬೆಂಗಳೂರು

ನಿಮ್ಮ ಪತ್ರವನ್ನು ನೀವೇ ಇನ್ನೊಂದು ಸಲ ಓದಿ. ಅದರಲ್ಲಿ ನೀವಿದ್ದೀರಿ, ಅತ್ತೆ ಇದ್ದಾರೆ, ಇಪ್ಪತ್ತೈದು ಮುತ್ತೈದೆಯರಿದ್ದಾರೆ, ಅಮೆರಿಕದ ಕ್ಲೈಂಟ್ ಕೂಡ ಇದ್ದಾರೆ. ಯಜಮಾನರು ಎಲ್ಲಿ? ಹಬ್ಬದ ದಿನ ಮಡಿಪಂಚೆ ಉಟ್ಟು ಮಂಗಳಾರತಿ ಹೊತ್ತಿಗೆ ಬಂದು ನಿಲ್ಲುವವರಾದರೆ, ಈ ವರ್ಷ ಅವರ ಡ್ಯೂಟಿ ಬುಧವಾರವೇ ಶುರುವಾಗಲಿ.

ಈ ಹಬ್ಬದಲ್ಲಿ ಜೀವ ಹಿಂಡುವುದು ಪೂಜೆಯಲ್ಲ, ಅಮ್ಮನವರಿಗೆ ಸೀರೆ ಉಡಿಸುವುದು. ನಿಮಗೂ ಗೊತ್ತಲ್ಲ. ಡಬ್ಬ ಬೋರಲು ಹಾಕಿ, ಅದರ ಮೇಲೆ ಬಿಂದಿಗೆ ಇಟ್ಟು, ಕೈಗೆ ಅಂತ ಅಡ್ಡ ಒಂದು ಕೋಲು ಕಟ್ಟಿ, ರೇಷ್ಮೆ ಸೀರೆಯ ನೆರಿಗೆ ಹಿಡಿಯಬೇಕು. ಆ ನೆರಿಗೆ ಒಬ್ಬರ ಕೈಗೆ ನಿಲ್ಲುವುದಿಲ್ಲ. ಈ ಕಡೆ ಪಿನ್ನು ಹಾಕುವಷ್ಟರಲ್ಲಿ ಆ ಕಡೆ ಜಾರಿರುತ್ತದೆ. ಸೆರಗು ಸರಿಯಾಗಿ ಕೂತಿತು ಅನ್ನುವಾಗ ಬಿಂದಿಗೆ ವಾಲುತ್ತದೆ. ಇದನ್ನು ರಾತ್ರಿ ಹನ್ನೊಂದರ ಕಾಲ್ ಮುಗಿಸಿ ಒಬ್ಬರೇ ಮಾಡಲು ಕೂತರೆ ಯಾರಿಗಾದರೂ ಅಳು ಬರುತ್ತದೆ. ಬುಧವಾರ ರಾತ್ರಿ ಗಂಡ ಹೆಂಡತಿ ಸೇರಿ ಉಡಿಸಿಬಿಡಿ. ಒಬ್ಬರು ಹಿಡಿದುಕೊಳ್ಳುವುದು, ಒಬ್ಬರು ಪಿನ್ನು ಚುಚ್ಚುವುದು. ಮೇಲೊಂದು ತೆಳು ಬಟ್ಟೆ ಹೊದಿಸಿ ಮೂಲೆಯಲ್ಲಿಡಿ. ಕಲಶಕ್ಕೆ ಅಕ್ಕಿ ತುಂಬಿ, ಕಾಯಿ ಇಟ್ಟು, ಮುಖವಾಡ ಕಟ್ಟುವುದು ಶುಕ್ರವಾರ ಬೆಳಗ್ಗೆ ಅತ್ತೆಯ ಕೈಯಿಂದಲೇ ಆಗಲಿ. ಅವರಿಗೂ ಅದೇ ಖುಷಿ ಕೊಡುವ ಭಾಗ.

ಒಂಬತ್ತು ಬಗೆ ಯಾಕೆ, ಯಾರು ಹೇಳಿದ್ದು ಅಂತ ವಾದಕ್ಕೆ ಇಳಿಯಬೇಡಿ. "ಅತ್ತೆ, ನಿಮ್ಮ ಅತ್ತೆ ನಿಮಗೆ ಹೇಳಿಕೊಟ್ಟಿದ್ದು ಯಾವುದು?" ಅಂತ ಕೇಳಿ. ಒಂದೋ ಎರಡೋ ಹೆಸರು ಬರುತ್ತದೆ. ಅದನ್ನು ಮನೆಯಲ್ಲಿ ಮಾಡಿ. ಪುಳಿಯೋಗರೆ ಗೊಜ್ಜು ಹಿಂದಿನ ವಾರವೇ ಕುದಿಸಿಟ್ಟರೂ ಕೆಡುವುದಿಲ್ಲ. ಕೋಸಂಬರಿಗೆ ಸೌತೆಕಾಯಿ ಹೆಚ್ಚಲು ಯಜಮಾನರಿಗೆ ತರಬೇತಿ ಬೇಕಿಲ್ಲ. ಉಳಿದದ್ದು ಹಣ್ಣು, ಸಜ್ಜಿಗೆ ಅಂತ ಎಣಿಕೆಗೆ ಸೇರಿಸಿಕೊಳ್ಳಿ.

ಪೂಜೆಯನ್ನು ಸಂಜೆ ಮಾಡುವ ಮನೆಗಳೂ ಬೇಕಾದಷ್ಟಿವೆ. ಹುಣ್ಣಿಮೆಗೆ ಮುಂಚಿನ ಶುಕ್ರವಾರ ಆಗದಿದ್ದರೆ ಶ್ರಾವಣದ ಇನ್ನೊಂದು ಶುಕ್ರವಾರ ಮಾಡುವ ರೂಢಿಯೂ ಇದೆ. ಸೂತಕ ಬಂದಾಗ, ಮುಟ್ಟಾದಾಗ ನಮ್ಮ ಅಜ್ಜಿಯರು ಹಾಗೇ ಮಾಡಿದ್ದು. ಪ್ರೊಡಕ್ಷನ್ ರಿಲೀಸ್, ಅಂದರೆ ತಯಾರಾದ ಸಾಫ್ಟ್‌ವೇರ್ ಬಿಡುಗಡೆ ಮಾಡುವ ಕೆಲಸಕ್ಕೂ ಆ ರಿಯಾಯಿತಿ ಕೊಟ್ಟರೆ ಲಕ್ಷ್ಮಿ ಮುನಿಸಿಕೊಳ್ಳುವುದಿಲ್ಲ. ಆಕೆ ಬರುವುದೂ ದುಡಿಮೆ ಇರುವ ಮನೆಗೇ ಅಲ್ವಾ?

ಇನ್ನು ಕ್ಲೈಂಟ್. ನವೆಂಬರಿನ ನಾಲ್ಕನೇ ಗುರುವಾರ ಅವರು ಥ್ಯಾಂಕ್ಸ್‌ಗಿವಿಂಗ್ ಅಂತ ಕೆಲಸ ನಿಲ್ಲಿಸುತ್ತಾರೆ, ಅಂದು ಯಾರೂ ಅವರಿಗೆ ಮೇಲ್ ಮಾಡುವುದಿಲ್ಲ. ನಮ್ಮ ಮನೆಯಲ್ಲೂ ಅಂಥದ್ದೇ ಒಂದು ಶುಕ್ರವಾರ ಇದೆ ಅಂತ ತಿಂಗಳು ಮುಂಚೆಯೇ ಹೇಳಿ, ಕ್ಯಾಲೆಂಡರಿನಲ್ಲಿ ಹಾಕಿಬಿಡಿ. ಹಿಂದಿನ ದಿನ ಹೇಳಿದರೆ ಅದು ಅವರಿಗೆ ನೆಪದ ಹಾಗೆ ಕೇಳಿಸುತ್ತದೆ.

ನಮ್ಮದು ಪೀಣ್ಯದ ಸಣ್ಣ ಕಾರ್ಖಾನೆ. ಯುಗಾದಿಗೆ ರಜೆ ಕೊಡಲಿಲ್ಲ. ಈಗ ಗಣೇಶನ ಹಬ್ಬಕ್ಕೂ ಇಲ್ಲ, ಆಯುಧಪೂಜೆಗೆ ಅರ್ಧ ದಿನ ಸಾಕು ಅನ್ನುತ್ತಿದ್ದಾರೆ. ಕೇಳಲು ಭಯ. ಇದಕ್ಕೆ ಕಾನೂನು ಏನಾದರೂ ಇದೆಯಾ?
— ಒಬ್ಬ ಕಾರ್ಮಿಕ

ಇದೆ. ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆ ಅಂತಲೇ 1963ರ ಒಂದು ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ದಿನ ಸಂಬಳ ಸಹಿತ ರಜೆ ಕೊಡಲೇಬೇಕು. ಇದರ ಮೇಲೆ ಹಬ್ಬಕ್ಕೆ ಅಂತ ಇನ್ನೂ ಐದು. ಆ ಐದು ಯಾವುವು ಅನ್ನುವುದು ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ ಇರುತ್ತದೆ. ಹಾಗಾಗಿ ಯುಗಾದಿ ಇಲ್ಲದ ಮಾತ್ರಕ್ಕೆ ತಪ್ಪು ಅನ್ನಲಾಗದು. ಒಟ್ಟು ಎಷ್ಟು ಕೊಟ್ಟಿದ್ದಾರೆ ಅಂತ ಎಣಿಸಿ. ಪಟ್ಟಿಯಲ್ಲಿರುವ ರಜೆಯ ದಿನ ದುಡಿಸಿಕೊಂಡರೆ ಎರಡರಷ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿ ಕೊಟ್ಟು ಬೇರೊಂದು ದಿನ ಸಂಬಳದ ರಜೆ ಕೊಡಬೇಕು. ಒಬ್ಬರೇ ಹೋಗಿ ಕೇಳಬೇಡಿ. ನಾಲ್ಕು ಜನ ಸೇರಿ ಪಟ್ಟಿ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಇದ್ದಾರೆ.

ಅಕ್ಕ, ನಾನು ಬಸ್ ಡ್ರೈವರ್. ಹಬ್ಬ ಬಂತು ಅಂದರೆ ಊರಿಗೆ ಹೋಗುವವರ ರಶ್ಶು, ಸ್ಪೆಷಲ್ ಬಸ್ಸು, ರಜೆ ಬಂದ್. ಮೂರು ದೀಪಾವಳಿ ರೋಡಿನಲ್ಲೇ ಆಯಿತು. ನನ್ನ ಎಂಟು ವರ್ಷದ ಮಗಳು "ಅಪ್ಪ, ನೀನು ಎಲ್ಲರನ್ನೂ ಅವರವರ ಮನೆಗೆ ಬಿಡ್ತೀಯ, ನಮ್ಮನೆಗೆ ಮಾತ್ರ ಬರಲ್ಲ" ಅಂದಳು. ಏನು ಹೇಳಲಿ?
— ಚಿತ್ರದುರ್ಗ ಜಿಲ್ಲೆಯಿಂದ

ನಿಮ್ಮ ಮಗಳು ಒಂದು ದಿನ ನನ್ನ ಈ ಅಂಕಣ ಕಿತ್ತುಕೊಳ್ಳುತ್ತಾಳೆ.

ನಾನೂ ಆ ಜಾತಿಯವಳೇ ಕಣಪ್ಪ. ನನ್ನ ನೌಕರಿ ಪೂರ್ತಿ ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯಿತು, ಟ್ರಂಕ್ ಬೋರ್ಡಿನ ಮುಂದೆ. ಈಗಿನವರಿಗೆ ಇದು ಬಿಡಿಸಿ ಹೇಳಬೇಕು. ಬೇರೆ ಊರಿಗೆ ಮಾತಾಡಬೇಕಾದರೆ ಆಗ ಮೊದಲೇ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ್ಜೆಗಳು. ದುಡ್ಡಿದ್ದವರದು ಬೇಗ, ಇಲ್ಲದವರದು ನಿಧಾನ. ಲೆಕ್ಕ ಮೂರು ನಿಮಿಷದ್ದು. ಹೆಡ್‌ಸೆಟ್ ಹಾಕಿಕೊಂಡು, ಬಳ್ಳಿಯಂಥ ವೈರುಗಳನ್ನು ಎಳೆದು ತೂತಿಗೆ ಚುಚ್ಚಿ ಊರಿಂದ ಊರಿಗೆ ಜೋಡಿಸುವುದು ನಮ್ಮ ಕೆಲಸ. ಮಾತು ಕೇಳಿಸಿಕೊಳ್ಳಬಾರದು ಅನ್ನುವುದು ನಿಯಮ. ಆದರೆ ಲೈನ್ ಸರಿ ಇದೆಯಾ ಅಂತ ನೋಡಲು ಕಿವಿ ಕೊಡಲೇಬೇಕಲ್ಲ.

ದೀಪಾವಳಿ ಸಂಜೆ ಪಾಳಿ ಬಿದ್ದರೆ ಬೋರ್ಡಿನ ದೀಪಗಳು ಆರುತ್ತಲೇ ಇರಲಿಲ್ಲ. ಹೊರಗೆ ಪಟಾಕಿ, ಒಳಗೆ ಬೊಂಬಾಯಿ, ಮದ್ರಾಸು, ಹುಬ್ಬಳ್ಳಿ. ಹೋಟೆಲ್ ಕೆಲಸಕ್ಕೆ ಬೊಂಬಾಯಿಗೆ ಹೋದ ಹುಡುಗ, ಊರಿನಲ್ಲಿ ಫೋನಿದ್ದ ಒಂದೇ ಮನೆಗೆ ಮಾಡುತ್ತಿದ್ದ. ಅಮ್ಮನನ್ನು ಕರೆಸಿ ಕೂರಿಸಿರುತ್ತಿದ್ದರು. ಮೊದಲ ನಿಮಿಷ ಬರೀ "ಹಲೋ, ಕೇಳ್ತಿದೆಯಾ?" ಎರಡನೆಯದು "ಎಣ್ಣೆ ನೀರು ಹಾಕ್ಕೊಂಡ್ಯಾ? ಊಟ ಆಯ್ತಾ? ಏನು ಅಡುಗೆ?" ಮೂರನೆಯದರಲ್ಲಿ ಇಬ್ಬರೂ ಸುಮ್ಮನೆ. ಮೂರು ನಿಮಿಷ ಆಯಿತು ಅಂತ ನಾವು ನಡುವೆ ಬಾಯಿ ಹಾಕಿ ಹೇಳಬೇಕಿತ್ತು. ಎಷ್ಟೋ ಸಲ ನಾಲ್ಕು ನಿಮಿಷಕ್ಕೆ ಹೇಳಿದ್ದೂ ಉಂಟು. ಪಿಂಚಣಿ ಬರುತ್ತಿದೆ, ಈಗ ಹೇಳಿದರೆ ಏನೂ ಮಾಡಲಾರರು.

ನಮ್ಮ ಬೋರ್ಡಿನಲ್ಲಿ ಒಂದು ಒಳ ಒಪ್ಪಂದ ಇತ್ತು. ಕ್ರಿಸ್ಮಸ್ಸಿಗೆ ಕ್ರಿಶ್ಚಿಯನ್ ಗೆಳತಿಯ ಪಾಳಿ ನಾನು ಮಾಡುವುದು, ನರಕ ಚತುರ್ದಶಿ ಬೆಳಗಿನ ಪಾಳಿ ಅವಳದು. ರಂಜಾನಿಗೂ ಹಾಗೆಯೇ. ರಜೆ ಇಲ್ಲ ಅಂದರೂ ಅದಲು ಬದಲಿಗೆ ಸಾಹೇಬರು ಅಡ್ಡಿ ಹೇಳುತ್ತಿರಲಿಲ್ಲ. ನಿಮ್ಮ ಡಿಪೋದಲ್ಲೂ ಇಂಥದ್ದು ಕುದುರಿಸಬಹುದು. ತಿಂಗಳ ಮೊದಲೇ ಕೇಳಬೇಕು. ನೀವು ಮೊದಲು ಒಬ್ಬರಿಗೆ ಮಾಡಿಕೊಟ್ಟಿರಬೇಕು, ಅಷ್ಟೇ.

ದೀಪಾವಳಿ ಒಂದು ದಿನದ್ದಲ್ಲ ಅನ್ನುವುದೂ ನಿಮಗೆ ಅನುಕೂಲ. ತ್ರಯೋದಶಿ ಸಂಜೆ ನೀರು ತುಂಬುವುದು, ಮರುದಿನ ಬೆಳಕು ಹರಿಯುವ ಮೊದಲು ಎಣ್ಣೆ ನೀರು, ಅಮಾವಾಸ್ಯೆಗೆ ಲಕ್ಷ್ಮಿ, ಪಾಡ್ಯಕ್ಕೆ ಬಲೀಂದ್ರ ಮತ್ತು ಗೋವು. ಇಷ್ಟರಲ್ಲಿ ಒಂದನ್ನು "ಇದು ಅಪ್ಪಂದು" ಅಂತ ಮಗಳ ಮುಂದೆ ಹೇಳಿ ಗುರುತು ಹಾಕಿಕೊಳ್ಳಿ. ನನ್ನನ್ನು ಕೇಳಿದರೆ ಎಣ್ಣೆ ನೀರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಹಂಡೆ ಒಲೆಗೆ ಬೆಂಕಿ ಹಾಕಿ, ಮಗಳ ನೆತ್ತಿಗೆ ಎಣ್ಣೆ ತಟ್ಟಿ, ಆಮೇಲೆ ಡ್ಯೂಟಿಗೆ ಹೋದರೂ ಸರಿ. ಸಂಜೆಯ ಪಟಾಕಿಗೆ ಅಪ್ಪ ಇಲ್ಲದಿದ್ದರೆ ನಡೆಯುತ್ತದೆ, ಪಕ್ಕದ ಮನೆಯ ಮಕ್ಕಳಿರುತ್ತಾರೆ. ರಾತ್ರಿ ಪಾಳಿಯಿಂದ ಬೆಳಗ್ಗೆ ಎಂಟಕ್ಕೆ ಬಂದರೆ ಎಂಟಕ್ಕೇ ಎಣ್ಣೆ ನೀರು. ಬ್ರಾಹ್ಮೀ ಮುಹೂರ್ತ ಮೀರಿತು ಅಂತ ಯಾರಾದರೂ ಅಂದರೆ, ಅವರನ್ನು ಊರಿಗೆ ತಂದು ಬಿಟ್ಟ ಬಸ್ಸು ಯಾರು ಓಡಿಸಿದ್ದು ಅಂತ ಕೇಳಿ.

ಒಮ್ಮೆ ಮಗಳನ್ನು ಹಬ್ಬದ ಟ್ರಿಪ್ಪಿನಲ್ಲಿ ಹತ್ತಿರದ ಊರಿನವರೆಗೆ ಕರೆದುಕೊಂಡು ಹೋಗಿ, ಟಿಕೆಟ್ ತೆಗೆದುಕೊಂಡೇ. ಚೀಲ, ಹೂವಿನ ಕಟ್ಟು, ಪಟಾಕಿ ಡಬ್ಬ ಹಿಡಿದವರೆಲ್ಲ ಅಪ್ಪನ ಬಸ್ಸಿಗೆ ಹತ್ತುವುದನ್ನು ಅವಳು ನೋಡಲಿ.

ಅಕ್ಕಾರ, ನಾವು ಇಬ್ಬರು ಅಣ್ಣತಮ್ಮಂದಿರ ನಡುವೆ ಒಬ್ಬಾಕಿ ಹೆಣ್ಣುಮಗಳು. ಪ್ರತಿ ವರ್ಷ ಪಂಚಮಿಗೆ ಅಣ್ಣ ಬಂದು ಕರಕೊಂಡು ಹೋಗ್ತಿದ್ದ. ಅಪ್ಪ ತೀರಿಕೊಂಡ ಮ್ಯಾಲೆ ಹೊಲದಾಗ ನನ್ನ ಪಾಲು ಕೇಳಿದೆ. ಅಂದಿನಿಂದ ಪಂಚಮಿಗೆ ಕರೆಯೋದ ಬಿಟ್ಟಾರ. ಅಂಗನವಾಡಿ ಕೆಲಸ ಮಾಡ್ತೀನಿ, ರಜೆ ಸಿಗೋದ ಕಷ್ಟ. ಆದರ ರಜೆ ಸಿಕ್ಕರೂ ಎಲ್ಲಿಗೆ ಹೋಗಲಿ? ಪಾಲು ಬಿಟ್ಟುಕೊಟ್ಟರ ತವರು ಉಳೀತದ ಅಂತಾರ ಎಲ್ಲಾರೂ.
— ಗದಗ ಜಿಲ್ಲೆಯ ಒಬ್ಬ ಓದುಗಿ

ತಂಗಿ, ಪಾಲು ಬಿಡಬೇಡಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಹುಟ್ಟಿನಿಂದಲೇ. 2005ರಲ್ಲಿ ಅಪ್ಪ ಬದುಕಿರಲೇಬೇಕು ಅನ್ನುವ ಷರತ್ತು ಇಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಣಿ ಆಗಿಯೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಕೆದಕಲು ಬರುವುದಿಲ್ಲ. ನಿಮ್ಮ ಕಾಗದ ಪತ್ರ ಯಾವ ಥರದ್ದು ಅಂತ ವಕೀಲರಿಗೆ ತೋರಿಸಿ. ಫೀಸಿನ ಚಿಂತೆ ಬೇಡ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ನೆರವು ಉಚಿತ.

ಇನ್ನು ಪಂಚಮಿ. ನಾನು ಮಲೆನಾಡಿನವಳು. ನಮ್ಮಲ್ಲಿ ತವರಿನ ನೆನಪು ತರುವುದು ಗೌರಿ ಹಬ್ಬ. ಮೊರದ ಬಾಗಿನ, ಹದಿನಾರು ಗಂಟಿನ ದಾರ. ಬರಲಾಗದ ಅಣ್ಣ ಮನಿ ಆರ್ಡರ್ ಕಳಿಸುತ್ತಿದ್ದ, ಈಗ ಫೋನ್‌ಪೇ. ನಿಮ್ಮ ಕಡೆ ಪಂಚಮಿಗೆ ಇರುವ ಸೆಳೆತ ಬೇರೆಯದೇ, ಅದನ್ನು ಹುಬ್ಬಳ್ಳಿ ಕಡೆಯ ಸಹೋದ್ಯೋಗಿಗಳಲ್ಲಿ ನೋಡಿದ್ದೇನೆ. ಜೋಕಾಲಿ, ಶೇಂಗಾ ಉಂಡಿ, ಅಳ್ಳಿಟ್ಟು, ಹಿಂದಿನ ದಿನದ ರೊಟ್ಟಿ ಊಟ. ಆ ದಿನಗಳಲ್ಲಿ ಅವರಿಗೆ ಎಕ್ಸ್‌ಚೇಂಜಿನಲ್ಲಿ ಕೂರಲು ಆಗುತ್ತಿರಲಿಲ್ಲ, ಕಿಟಕಿ ಕಡೆಯೇ ಕಣ್ಣು. ಹಾಗಾಗಿ "ಒಂದು ಹಬ್ಬ ತಾನೆ, ಬಿಡಿ" ಅಂತ ನಾನು ಹೇಳುವುದಿಲ್ಲ.

ಕರೆಯಲು ಬರಬೇಕಾದವನು ಅಣ್ಣ, ನಿಜ. ಆದರೆ ಕರೆಯದೆ ಹೋಗಬಾರದು ಅಂತ ಎಲ್ಲಿದೆ? ನಿಮ್ಮ ತಾಯಿ ಇದ್ದಾರೆಯೇ ಅಂತ ನೀವು ಬರೆದಿಲ್ಲ. ಇದ್ದರೆ ಮನಸ್ಸು ಮಾಡಿ ಹೊರಡಿ. ಅದು ಅವರ ಮನೆಯೂ ಹೌದು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಬೆಳಗ್ಗೆ ಹೋಗಿ ಸಂಜೆ ಬರಬಹುದು. ಉಂಡಿ ಕಟ್ಟಿಕೊಂಡು ಹೋಗಿ, ಅತ್ತಿಗೆಯ ಕೈಗೆ ಕೊಡಿ. ಅತ್ತಿಗೆಯನ್ನು ಹಗುರ ಮಾಡಬೇಡಿ. ಆಕೆಗೂ ಒಂದು ತವರಿದೆ, ಅಲ್ಲಿಯೂ ಇದೇ ಪಾಲಿನ ಮಾತು ಇದ್ದೀತು. ಹೊಲದ ಸುದ್ದಿ ಅಂದು ನೀವು ಎತ್ತಬೇಡಿ. ಅವರು ಎತ್ತಿದರೆ "ಅದು ವಕೀಲರ ಹತ್ತಿರ ಅದ, ಇವತ್ತ ಪಂಚಮಿ" ಅನ್ನಿ.

ಹೋದ ಮೇಲೂ ಮುಖ ತಿರುಗಿಸಿದರು ಅನ್ನಿ. ಆಗ ಮುಂದಿನ ವರ್ಷ ನಿಮ್ಮ ಅಂಗಳದಲ್ಲೇ ಜೋಕಾಲಿ ಕಟ್ಟಿಸಿ. ಅಂಗನವಾಡಿಯ ಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬ ಬೇಕಾ? ನಿಮ್ಮ ಊರಿನಲ್ಲಿ ಕರೆಯಲು ಯಾರೂ ಬರದ ಹೆಣ್ಣುಮಕ್ಕಳು ಇನ್ನೂ ಇದ್ದೇ ಇರುತ್ತಾರೆ, ಅವರನ್ನು ಕರೆಯಿರಿ. ಅಣ್ಣಂದಿರು ತಣ್ಣಗಾಗುವುದು ನಿಧಾನ. ಸಾಮಾನ್ಯವಾಗಿ ಅವರ ಮಗಳು ದೊಡ್ಡವಳಾಗುವ ಹೊತ್ತಿಗೆ ಅರ್ಥವಾಗುತ್ತದೆ.

ನಿವೃತ್ತ ಶಿಕ್ಷಕ ನಾನು. ಮಗ ಕ್ಯಾಲಿಫೋರ್ನಿಯಾದಲ್ಲಿ. ದಸರೆಗೆ ನನ್ನ ಹೆಂಡತಿ ಒಂಬತ್ತು ಮೆಟ್ಟಿಲು ಬೊಂಬೆ ಕೂರಿಸುತ್ತಿದ್ದಳು, ಈಗ ಮಂಡಿ ನೋವು. ಬೊಂಬೆ ಇಡದಿದ್ದರೆ ಬೇಸರ, ಇಟ್ಟರೆ ಆಸ್ಪತ್ರೆ. ಸಂಜೆ ಆರತಿ ಹೊತ್ತಿಗೆ ವಿಡಿಯೋ ಕಾಲ್ ಮಾಡಿದರೆ ಮಗ ನಿದ್ದೆಗಣ್ಣಲ್ಲಿ "ಹೂಂ" ಅನ್ನುತ್ತಾನೆ. ಸೊಸೆ ಕಾಣಿಸುವುದೇ ಇಲ್ಲ.
— ಮೈಸೂರು

ಸಾರ್, ಸಂಜೆ ಏಳಕ್ಕೆ ನೀವು ಕಾಲ್ ಮಾಡಿದರೆ ಅಲ್ಲಿ ಬೆಳಗ್ಗೆ ಆರೂವರೆ. ನಿಮ್ಮ ಸೊಸೆ ಆಗ ತಲೆ ಬಾಚಿರುವುದಿಲ್ಲ, ಕ್ಯಾಮೆರಾ ಮುಂದೆ ಹೇಗೆ ಬರಬೇಕು? ದಸರಾ ಹೊತ್ತಿಗೆ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನೀವು ಬೆಳಗ್ಗೆ ತಿಂಡಿ ಮುಗಿಸಿ ಎಂಟೂವರೆಗೆ ಮಾಡಿ. ಅಲ್ಲಿ ಹಿಂದಿನ ದಿನದ ರಾತ್ರಿ ಎಂಟು. ಆಫೀಸು ಮುಗಿದಿರುತ್ತದೆ, ಮಕ್ಕಳು ಇನ್ನೂ ಮಲಗಿರುವುದಿಲ್ಲ.

ಮೆಟ್ಟಿಲು ಬೆಸ ಸಂಖ್ಯೆಯಲ್ಲಿ ಇರಬೇಕು ಅನ್ನುತ್ತಾರಲ್ಲ, ಒಂದು ಕೂಡ ಬೆಸವೇ. ತವರಿನಿಂದ ಬಂದ ಪಟ್ಟದ ಬೊಂಬೆ ಜೋಡಿ ಇರುತ್ತದಲ್ಲ, ರಕ್ತಚಂದನದ್ದೋ ಮರದ್ದೋ. ಒಂದು ಮೇಜಿನ ಮೇಲೆ ಅದನ್ನು ಕೂರಿಸಿದರೆ ದಸರಾ ಬೊಂಬೆ ಕೂತ ಹಾಗೆಯೇ. ಉಳಿದ ಬೊಂಬೆಗಳ ಪೆಟ್ಟಿಗೆಯಿಂದ ದಿನಕ್ಕೆ ಒಂದು ತೆಗೆದು, ಇದು ಎಲ್ಲಿ ಕೊಂಡದ್ದು, ಇದರ ಕೈ ಮುರಿದದ್ದು ಯಾರು ಅಂತ ಮೊಮ್ಮಕ್ಕಳಿಗೆ ನಿಮ್ಮ ಹೆಂಡತಿ ಹೇಳಲಿ. ಕೈ ಮುರಿದದ್ದು ನಿಮ್ಮ ಮಗನೇ ಆಗಿರುತ್ತಾನೆ. ಆಗ ಅವನ ನಿದ್ದೆ ಹಾರುತ್ತದೆ.

ಪೆಟ್ಟಿಗೆಯನ್ನು ಅಟ್ಟದಿಂದ ನೀವು ಇಳಿಸಬೇಡಿ ಸಾರ್. ಪಕ್ಕದ ಮನೆ ಹುಡುಗನಿಗೆ ಹೇಳಿ.

ಹೋಳಿಗೆ ಅಂಗಡಿಯಿಂದ ತಂದರೆ ಅದು ಹಬ್ಬ ಆಗುತ್ತಾ?
— ಇಬ್ಬರೂ ದುಡಿಯುವ ದಂಪತಿ, ತುಮಕೂರು

ಧಾರಾಳವಾಗಿ ಆಗುತ್ತದೆ. ಒಂದೇ ತೊಂದರೆ, ಅಂಗಡಿಯವರು ಹೋಳಿಗೆ ಕೊಡುತ್ತಾರೆ, ಬೇಳೆ ಬೇಯಿಸಿದ ಕಟ್ಟು ಕೊಡುವುದಿಲ್ಲ. ಕಟ್ಟಿಲ್ಲದೆ ಒಬ್ಬಟ್ಟಿನ ಸಾರಿಲ್ಲ. ನನ್ನ ಮಟ್ಟಿಗೆ ಹಬ್ಬದ ಮಾರನೆಯ ದಿನದ ಆ ಸಾರಿಗೋಸ್ಕರವೇ ಹೋಳಿಗೆ ಮಾಡುವುದು. ಅದಕ್ಕೆ ಹೀಗೆ ಮಾಡಿ: ಒಂದು ಪಾವು ತೊಗರಿಬೇಳೆಯನ್ನು ನೀರು ಜಾಸ್ತಿ ಹಾಕಿ ಬೇಯಿಸಿ, ಕಟ್ಟು ಬಸಿದುಕೊಳ್ಳಿ. ತಂದ ಹೋಳಿಗೆ ಒಂದನ್ನು ಬಿಡಿಸಿ ಅದರ ಹೂರಣವನ್ನು ಕಾಯಿ, ಸಾರಿನ ಪುಡಿ ಜೊತೆ ರುಬ್ಬಿ ಕಟ್ಟಿಗೆ ಹಾಕಿ, ಹುಣಸೆ ರಸ ಬಿಟ್ಟು ಕುದಿಸಿ. ಒಗ್ಗರಣೆಗೆ ಇಂಗು ಮರೆಯಬೇಡಿ. ಬಸಿದ ಬೇಳೆ ಉಳಿಯುತ್ತದೆ, ಅದು ಮಾರನೆಯ ದಿನ ಪಲ್ಯಕ್ಕೆ. ಇಬ್ಬರಲ್ಲಿ ಯಾರು ಮೊದಲು ಮನೆಗೆ ಬರುತ್ತೀರೋ ಅವರು ಬೇಳೆ ಇಡಿ.